ಊರು ಬಿಡಿಸಿದ ಸುಳ್ಳು

2012ನೆಯ ಇಸವಿ ಆಗಸ್ಟ್ 15, ಬುಧವಾರ. ದೇಶಕ್ಕೆ ಸ್ವಾತಂತ್ರ್ಯ ದಿನ. ನಮಗೆ ಅದರೊಂದಿಗೆ ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಮಹೋತ್ಸವ. ಬೆಂಗಳೂರಿನ ಕಥೋಲಿಕ ಕುಟುಂಬಗಳು ಎಂದಿನಂತೆ ಬೆಳಗಿನ ಬಲಿಪೂಜೆಯಲ್ಲಿ ಪಾಲ್ಗೊಂಡು, ಧ್ವಜವಂದನೆ ಮುಗಿಸಿ, ಮಕ್ಕಳ ಕೈಗೆ ಸಿಹಿ ಕೊಟ್ಟು ಮನೆಗೆ ಮರಳಿದ್ದವು. ಅದೇ ದಿನ ಸಂಜೆಯ ಹೊತ್ತಿಗೆ ನಗರದ ಮುಖ್ಯ ರೈಲು ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಸ್ಸಾಮ್, ಮಣಿಪುರ, ನಾಗಾಲ್ಯಾಂಡ್ ಮೊದಲಾದ ಈಶಾನ್ಯ ರಾಜ್ಯಗಳಿಂದ ದುಡಿಯಲೂ ಓದಲೂ ಬಂದಿದ್ದ ಸಾವಿರಾರು ಯುವಕ ಯುವತಿಯರು ಕೈಗೆ ಸಿಕ್ಕ ಚೀಲವನ್ನು ಹೆಗಲಿಗೇರಿಸಿಕೊಂಡು ಗುವಾಹಾಟಿಯ ರೈಲಿಗಾಗಿ ಮುಗಿಬಿದ್ದಿದ್ದರು. ಆ ಒಂದು ದಿನ ಮಾರಾಟವಾದ ಟಿಕೆಟುಗಳೇ ಸುಮಾರು 6,800 ಎಂದು ಆಗ ವರದಿಯಾಯಿತು. ಮೂರು ನಾಲ್ಕು ದಿನಗಳಲ್ಲಿ ನಗರವನ್ನು ತೊರೆದವರು ಮೂವತ್ತು ಸಾವಿರದಷ್ಟು ಎಂಬುದು ಅಂದಿನ ಅಂದಾಜು.

ಇಷ್ಟು ಜನರನ್ನು ಊರು ಬಿಡಿಸಿದ್ದು ಮೊಬೈಲಿಗೆ ಬಂದ ಕಿರುಸಂದೇಶಗಳು ಮತ್ತು ಒಂದಷ್ಟು ಚಿತ್ರಗಳು. ರಂಜಾನ್ ಹಬ್ಬ ಮುಗಿದೊಡನೆ ಈಶಾನ್ಯದವರ ಮೇಲೆ ದಾಳಿ ನಡೆಯಲಿದೆ, ಅಷ್ಟರೊಳಗೆ ನಗರ ಬಿಟ್ಟು ಹೊರಡಿ ಎಂಬುದು ಅವುಗಳ ತಿರುಳು. ಹಬ್ಬ ಆಗಸ್ಟ್ 20ರಂದು ಬಂದಿತು, ಹೋಯಿತು. ನಗರದಲ್ಲಿ ಆ ಸಂದೇಶಗಳು ಹೇಳಿದಂತಹ ಸಾಮೂಹಿಕ ದಾಳಿ ಯಾವುದೂ ನಡೆಯಲಿಲ್ಲ. ಅಪಾಯ ಬಂದೊದಗಿದ್ದು ದಾರಿಯಲ್ಲಿ. ಗುವಾಹಾಟಿಯತ್ತ ಸಾಗುತ್ತಿದ್ದ ರೈಲೊಂದರಲ್ಲಿ, ಪಶ್ಚಿಮ ಬಂಗಾಳದ ಜಲ್ಪಾಯ್‌ಗುಡಿ ಜಿಲ್ಲೆಯ ಬೆಲಕೋಬಾ ನಿಲ್ದಾಣದ ಸಮೀಪ, ಕೆಲವು ಪ್ರಯಾಣಿಕರನ್ನು ಥಳಿಸಿ ಹೊರಕ್ಕೆ ದಬ್ಬಲಾಯಿತು, ಸಾವುಗಳೂ ಸಂಭವಿಸಿದವು. ಸುರಕ್ಷಿತ ಸ್ಥಳವನ್ನು ಅರಸಿ ಹೊರಟ ರೈಲಿನಲ್ಲೇ ಪ್ರಾಣಹಾನಿಯಾದುದು ಈ ಪ್ರಕರಣದ ಕ್ರೂರ ವಿಪರ್ಯಾಸ.

ಈ ಹಳೆಯ ಸಂಗತಿಯನ್ನು ಇಂದೇಕೆ ಕೆದಕುತ್ತಿದ್ದೀರೆಂದು ಓದುಗರು ಕೇಳಬಹುದು. ಭದ್ರತೆ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಗಡಿಯ ಸೈನಿಕ, ಚೌಕದ ಪೊಲೀಸ್, ಅಪಾರ್ಟ್‌ಮೆಂಟಿನ ಕಾವಲುಗಾರ. ಒಂದು ಗುಂಡೂ ಹಾರದೆ, ಒಂದು ಮನೆಯೂ ಹೊತ್ತಿ ಉರಿಯದೆ ಮಹಾನಗರವೊಂದರಿಂದ ಮೂವತ್ತು ಸಾವಿರ ಮಂದಿ ಕಂಬಿಕಿತ್ತರೆ ಅದನ್ನು ಭದ್ರತೆಯ ಸೋಲೆನ್ನದೆ ಇನ್ನೇನೆನ್ನಬೇಕು? ಆ ಅಪಾರ್ಟ್‌ಮೆಂಟಿನ ಕಾವಲುಗಾರನೇ ಅಂದು ಓಡಿಹೋದವರ ಸಾಲಿನಲ್ಲಿದ್ದ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳಲ್ಲಿ ಇಂದು ನೆಲೆಸಿರುವ ವಲಸಿಗರ ಸಂಖ್ಯೆ ಅಂದಿಗಿಂತ ಬಹುಪಾಲು ಹೆಚ್ಚು. ಅವರ ಕೈಯಲ್ಲಿರುವ ಮೊಬೈಲು ಅಂದಿಗಿಂತ ನೂರು ಪಾಲು ಚುರುಕು. ಹಾಗಾಗಿ ಆ ಸುಳ್ಳು ಹೇಗೆ ಕೆಲಸ ಮಾಡಿತೆಂಬುದನ್ನು ಬಿಡಿಸಿ ನೋಡುವುದು ಕೇವಲ ಇತಿಹಾಸದ ಕುತೂಹಲವಾಗಲಾರದು.

ಮೊದಲನೆಯದಾಗಿ, ಆ ಸುಳ್ಳಿನ ಒಡಲಲ್ಲಿ ನಿಜದ ಬೀಜವಿತ್ತು. 2012ರ ಜುಲೈನಲ್ಲಿ ಅಸ್ಸಾಮಿನ ಕೊಕ್ರಝಾರ್, ಚಿರಾಂಗ್, ಧುಬ್ರಿ ಜಿಲ್ಲೆಗಳಲ್ಲಿ ಬೋಡೋ ಜನಾಂಗದವರಿಗೂ ಬಂಗಾಳಿ ಮಾತನಾಡುವ ಮುಸ್ಲಿಮರಿಗೂ ನಡುವೆ ಭೀಕರ ಘರ್ಷಣೆ ನಡೆದು, ಹಲವು ಹತ್ತು ಮಂದಿ ಸತ್ತು, ನಾಲ್ಕು ಲಕ್ಷದಷ್ಟು ಜನ ನಿರಾಶ್ರಿತರ ಶಿಬಿರಗಳನ್ನು ಸೇರಿದ್ದರು. ಆಗಸ್ಟ್ 11ರಂದು ಮುಂಬಯಿಯ ಆಜಾದ್ ಮೈದಾನದಲ್ಲಿ ಅದೇ ವಿಷಯಕ್ಕೆ ಕರೆದ ಸಭೆ ಹಿಂಸೆಗೆ ತಿರುಗಿ ಇಬ್ಬರು ಸತ್ತರು. ಪುಣೆಯಲ್ಲಿ ಈಶಾನ್ಯದ ಕೆಲವರ ಮೇಲೆ ಹಲ್ಲೆಯಾಗಿತ್ತು. ಆಗಸ್ಟ್ 14ರಂದು ಮೈಸೂರಿನಲ್ಲಿ ಟಿಬೆಟ್ಟಿನ ವಿದ್ಯಾರ್ಥಿಯೊಬ್ಬನಿಗೆ ಚೂರಿಯಿಂದ ಇರಿಯಲಾಯಿತು. ಮುಖಚರ್ಯೆ ನೋಡಿ ಈಶಾನ್ಯದವನೆಂದೇ ಇರಿದರೆಂಬ ಮಾತು ಕ್ಷಣದಲ್ಲಿ ಹಬ್ಬಿತು. ಇಷ್ಟೆಲ್ಲ ನಿಜಗಳ ಸಾಲಿನಲ್ಲಿ ನಿಂತ ಕೊನೆಯ ಸುಳ್ಳನ್ನು ಬೇರ್ಪಡಿಸಿ ನೋಡುವ ವ್ಯವಧಾನ ಯಾರಿಗಿತ್ತು? ಬೆಂಕಿಯಿಲ್ಲದೆ ಹೊಗೆಯಾಡದು ಎಂಬ ಗಾದೆಯನ್ನು ನಾವು ಬಹಳ ಅಭಿಮಾನದಿಂದ ಹೇಳುತ್ತೇವೆ. ಗಾಳಿಸುದ್ದಿಯನ್ನು ಹುಟ್ಟಿಸುವವನಿಗೆ ಅದಕ್ಕಿಂತ ಒಳ್ಳೆಯ ಸಹಾಯಕನಿಲ್ಲ. ಎಲ್ಲೋ ಉರಿಯುತ್ತಿದ್ದ ಬೆಂಕಿಯ ಹೊಗೆಯನ್ನು ತಂದು ಅವನು ನಮ್ಮ ಮನೆಯ ಮುಂದೆ ಬಿಟ್ಟಿರುತ್ತಾನೆ.

ಚಿತ್ರಗಳ ಕಥೆಯೂ ಇದೇ. ಅಸ್ಸಾಮಿನಲ್ಲೂ ನೆರೆಯ ಬರ್ಮಾದಲ್ಲೂ ನಡೆದ ಹತ್ಯಾಕಾಂಡದ ದೃಶ್ಯಗಳೆಂದು ಆಗ ಕೈಯಿಂದ ಕೈಗೆ ಸಾಗಿದ ಚಿತ್ರಗಳಲ್ಲಿ ಹಲವು ಬೇರೆ ದೇಶದ, ಬೇರೆ ಕಾಲದ ಚಿತ್ರಗಳಾಗಿದ್ದವು. ಅವುಗಳಲ್ಲೊಂದು 2010ರಲ್ಲಿ ಟಿಬೆಟ್ ಪ್ರದೇಶದ ಯುಶು ಭೂಕಂಪದಲ್ಲಿ ಮಡಿದವರ ಅಂತ್ಯಕ್ರಿಯೆಗೆ ನೆರವಾಗುತ್ತಿದ್ದ ಬೌದ್ಧ ಭಿಕ್ಷುಗಳದು. ಶವಗಳ ನಡುವೆ ನಿಂತು ಸೇವೆ ಮಾಡುತ್ತಿದ್ದ ಆ ಸನ್ಯಾಸಿಗಳನ್ನೇ ಕೊಲೆಗಾರರೆಂದು ತೋರಿಸಲಾಯಿತು. ಇಂತಹ ಚಿತ್ರಗಳಲ್ಲಿ ಬಹುಪಾಲು ಪಾಕಿಸ್ತಾನದಿಂದ ಹರಿದುಬಂದವೆಂದು ಅಂದಿನ ಕೇಂದ್ರ ಗೃಹ ಕಾರ್ಯದರ್ಶಿ ಆರ್. ಕೆ. ಸಿಂಗ್ ಹೇಳಿದರು. ಇರಬಹುದು. ಆದರೆ ಗಡಿಯಾಚೆಯ ವೈರಿ ಚಿತ್ರವನ್ನು ಜಾಲತಾಣಕ್ಕೆ ಏರಿಸಬಲ್ಲನೇ ಹೊರತು, ಮಾರತಹಳ್ಳಿಯ ಬಾಡಿಗೆ ಕೋಣೆಯಲ್ಲಿ ರಾತ್ರಿಪಾಳಿ ಮುಗಿಸಿ ಮಲಗಿರುವ ಹುಡುಗಿಯ ಮೊಬೈಲಿನ ಸಂಖ್ಯೆ ಅವನ ಬಳಿ ಇರುವುದಿಲ್ಲ. ಅದಿರುವುದು ಅವಳ ಸ್ನೇಹಿತೆಯ ಬಳಿ, ಊರಿನ ಸೋದರಮಾವನ ಬಳಿ. ಕೊನೆಯ ಹೆಜ್ಜೆಯನ್ನು ಯಾವಾಗಲೂ ಪ್ರೀತಿಪಾತ್ರರ ಕೈಯೇ ಇಡಿಸುತ್ತದೆ. ಹಿರಿಯ ಓದುಗರಿಗೆ ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ ಬರೆಯುತ್ತಿದ್ದ ‘ನಾಳೆ ಬಾ’ ನೆನಪಿರಬಹುದು. ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವ ನಮ್ಮ ತಾಯಿಯ ದನಿಯಲ್ಲೋ ಅಣ್ಣನ ದನಿಯಲ್ಲೋ ಕೂಗುತ್ತದೆ, ಓಗೊಟ್ಟರೆ ಕೆಟ್ಟೆವು ಎಂಬುದು ಆ ವದಂತಿ. ಅದು ಮೂಢನಂಬಿಕೆಯೆಂದು ನಮ್ಮ ಗುರುಗಳು ಸರಿಯಾಗಿಯೇ ಬೋಧಿಸಿದರು. ಆದರೂ ಸುಳ್ಳು ಪರಿಚಿತರ ದನಿಯಲ್ಲೇ ಬಾಗಿಲು ತಟ್ಟುತ್ತದೆಂಬ ಗ್ರಹಿಕೆ ಆ ಸೀಮೆಸುಣ್ಣದ ಬರಹದಲ್ಲಿ ಎಲ್ಲೋ ಇತ್ತು.

ಎರಡನೆಯ ಕಾರಣವೇ ನಮ್ಮ ದೃಷ್ಟಿಯಲ್ಲಿ ಮುಖ್ಯವಾದುದು. ಆ ಯುವಜನರಿಗೆ ಈ ಊರಿನಲ್ಲಿ ಕೇಳಲು ಯಾರೂ ಇರಲಿಲ್ಲ.

ಹೊರವಲಯದ ಈ ಪ್ರದೇಶಗಳು ಹೇಗೆ ಬೆಳೆದವೆಂಬುದನ್ನು ನೆನೆಯೋಣ. ವೈಟ್‌ಫೀಲ್ಡ್ 1880ರ ದಶಕದಲ್ಲಿ ಮೈಸೂರು ಅರಸರು ಕೊಟ್ಟ ಭೂಮಿಯಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳಿಗಾಗಿ ಕಟ್ಟಿದ ಹಳ್ಳಿ. ಅಂದರೆ ಹುಟ್ಟಿನಿಂದಲೇ ಹೊರಗಿನಿಂದ ಬಂದವರ ಊರು. ಪೀಣ್ಯ ಮತ್ತು ಎಲೆಕ್ಟ್ರಾನಿಕ್ ಸಿಟಿ 1970ರ ದಶಕದಲ್ಲಿ ಸರ್ಕಾರ ಗುರುತಿಸಿದ ಕೈಗಾರಿಕಾ ನೆಲೆಗಳು. ತೊಂಬತ್ತರ ದಶಕದ ಕೊನೆಯಲ್ಲಿ ವೈಟ್‌ಫೀಲ್ಡಿನ ತಂತ್ರಜ್ಞಾನ ಪಾರ್ಕ್ ತೆರೆದ ಮೇಲೆ ಹೊಲಗಳೆಲ್ಲ ಗಾಜಿನ ಕಟ್ಟಡಗಳಾದವು. ಗಾಜಿನ ಕಟ್ಟಡದೊಳಗೆ ಕೂತವರನ್ನು ನಾವೆಲ್ಲ ಬಲ್ಲೆವು. ಅವುಗಳ ಬಾಗಿಲು ಕಾಯುವವರು, ನೆಲ ಒರೆಸುವವರು, ಊಟ ಬಡಿಸುವವರು, ಪೀಣ್ಯದಲ್ಲಿಯೂ ಬೊಮ್ಮನಹಳ್ಳಿಯಲ್ಲಿಯೂ ಸಿದ್ಧ ಉಡುಪು ಹೊಲಿಯುವವರು ಎಲ್ಲಿಂದ ಬಂದರು, ಎಲ್ಲಿ ಮಲಗುತ್ತಾರೆ ಎಂಬುದು ನಮಗೆ ತಿಳಿಯದು. ಅವರು ಬಂದುದು ಗುತ್ತಿಗೆದಾರನ ಮೂಲಕ, ಇರುವುದು ಒಂದೇ ಊರಿನ ಎಂಟು ಹತ್ತು ಜನ ಕೂಡಿ ಹಿಡಿದ ಕೋಣೆಯಲ್ಲಿ. ಅಂಗಡಿಯವನೊಂದಿಗೆ ಬೆಲೆ ಕೇಳುವಷ್ಟು ಕನ್ನಡ. ಮಾಲೀಕನೊಂದಿಗೆ ಬಾಡಿಗೆಯ ಮಾತು. ಪೊಲೀಸ್ ಠಾಣೆಯೆಂದರೆ ದೂರದಿಂದಲೇ ನಮಸ್ಕಾರ. ಇಂತಹ ಕೋಣೆಯೊಳಕ್ಕೆ ನಡುರಾತ್ರಿ ಒಂದು ಸಂದೇಶ ಬಂದರೆ ಎಂಟು ಜನರಿಗೂ ಅದೇ ಸಂದೇಶ ಬಂದಿರುತ್ತದೆ. ಒಬ್ಬರನ್ನೊಬ್ಬರು ಕೇಳಿಕೊಂಡಾಗ ಸುಳ್ಳು ಎಂಟು ಬಾರಿ ದೃಢವಾಗುತ್ತದೆ. ಊರಿಗೆ ಫೋನು ಮಾಡಿದರೆ ಅಲ್ಲಿ ತಾಯಿ ಅಳುತ್ತಿರುತ್ತಾಳೆ, ಕೂಡಲೆ ಹೊರಟು ಬಾ ಎನ್ನುತ್ತಾಳೆ. ಹೊರಗೆ ಹೋಗಿ, ಈ ಬೀದಿಯಲ್ಲಿ ನಿಜವಾಗಿ ಏನಾದರೂ ನಡೆದಿದೆಯೇ ಎಂದು ಕೇಳಬಲ್ಲ ಒಂದು ಮುಖವೂ ಅವರಿಗೆ ಗೊತ್ತಿರಲಿಲ್ಲ.

ಸರ್ಕಾರ ಸುಮ್ಮನೆ ಕೂರಲಿಲ್ಲ. ಅಂದಿನ ಗೃಹ ಸಚಿವ ಆರ್. ಅಶೋಕ್ ಸ್ವತಃ ನಿಲ್ದಾಣಕ್ಕೆ ಹೋಗಿ ಹೋಗಬೇಡಿರೆಂದು ಬೇಡಿಕೊಂಡರು. ರಾಜ್ಯ ಪೊಲೀಸ್ ಪಡೆಯ ಮುಖ್ಯಸ್ಥರಾಗಿದ್ದ ಲಾಲ್‌ರೊಖುಮಾ ಪಚಾವ್ ಮಿಜೋರಾಮಿನವರೇ. ಮುಸ್ಲಿಮ್ ಸಮುದಾಯದ ಮುಖಂಡರು ಸಹ ಅಭಯದ ಮಾತು ಹೇಳಿದರು. ಇವರೆಲ್ಲರ ಪ್ರಾಮಾಣಿಕತೆಯನ್ನು ನಾವು ಶಂಕಿಸುವುದಿಲ್ಲ. ಆದರೆ ಅಂಜಿದವನ ಕಣ್ಣಿನಿಂದ ನೋಡಿ. ಏನೂ ಆಗಿಲ್ಲವಾದರೆ ಸಚಿವರು ಇಷ್ಟು ಹೊತ್ತಿನಲ್ಲಿ ಇಲ್ಲಿಗೇಕೆ ಬಂದರು? ಏನೂ ಆಗುವುದಿಲ್ಲವಾದರೆ ವಿಶೇಷ ರೈಲೇಕೆ? ಸಂತೈಸಲು ಕೈಗೊಂಡ ಪ್ರತಿಯೊಂದು ಕ್ರಮವೂ ಅಲ್ಲಿ ಪುರಾವೆಯಾಗಿ ಕಂಡಿತು. ಆಗಸ್ಟ್ 17ರಂದು ಕೇಂದ್ರ ಸರ್ಕಾರ ಹದಿನೈದು ದಿನಗಳ ಕಾಲ ಸಗಟು ಸಂದೇಶಗಳನ್ನು ನಿಷೇಧಿಸಿ, ಒಬ್ಬರು ದಿನಕ್ಕೆ ಐದು ಕಿರುಸಂದೇಶಗಳನ್ನಷ್ಟೇ ಕಳುಹಿಸಬಹುದೆಂದು ಕಟ್ಟಪ್ಪಣೆ ಮಾಡಿತು; ಕೆಲವೇ ದಿನಗಳಲ್ಲಿ ಅದನ್ನು ಇಪ್ಪತ್ತಕ್ಕೆ ಏರಿಸಿತು. ಮುನ್ನೂರರಷ್ಟು ಜಾಲಪುಟಗಳನ್ನು ತಡೆಹಿಡಿಯಲಾಯಿತು. ಅಷ್ಟರಲ್ಲಿ ರೈಲುಗಳು ಆಂಧ್ರವನ್ನು ದಾಟಿದ್ದವು. ತಾಯಿಗೆ ‘ಕ್ಷೇಮವಾಗಿದ್ದೇನೆ’ ಎಂದು ಬರೆಯಬೇಕಾದವನಿಗೂ ಅದೇ ಐದರ ಮಿತಿ!

ಆರು ವರ್ಷಗಳ ನಂತರ ಅದೇ ರೋಗ ಬೇರೆ ಲಕ್ಷಣದೊಂದಿಗೆ ಮರಳಿತು. ಈ ಬಾರಿ ಸುಳ್ಳು ವಲಸಿಗನನ್ನು ಓಡಿಸಲಿಲ್ಲ, ಕೊಲ್ಲಿಸಿತು. 2018ರ ಮೇ 23ರಂದು ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸಕ್ಕಾಗಿ ಬಂದಿದ್ದ ಇಪ್ಪತ್ತಾರು ವರ್ಷದ ಯುವಕನನ್ನು ಮಕ್ಕಳ ಕಳ್ಳನೆಂದು ಭಾವಿಸಿ ಜನರು ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮಕ್ಕಳಿಗೆ ಚಾಕೊಲೇಟು ಕೊಟ್ಟ ‘ಅಪರಾಧ’ಕ್ಕಾಗಿ ಸ್ನೇಹಿತರ ತಂಡವೊಂದನ್ನು ಬೆನ್ನಟ್ಟಿ, ಹೈದರಾಬಾದಿನ ತಂತ್ರಜ್ಞನೊಬ್ಬನನ್ನು ಕೊಲ್ಲಲಾಯಿತು. ಅವರ ಕಾರು ಆ ಹಳ್ಳಿಗೆ ತಲುಪುವ ಮೊದಲೇ ವಾಟ್ಸಾಪಿನ ಮೂಲಕ ಅವರ ಸುದ್ದಿ ತಲುಪಿತ್ತು. ರಸ್ತೆಗೆ ಅಡ್ಡಗಟ್ಟಿ ಜನ ಕಾದಿದ್ದರು. ಆ ತಿಂಗಳುಗಳಲ್ಲಿ ನಾಡಿನ ಪ್ರತಿ ಮೊಬೈಲಿನಲ್ಲೂ ಹರಿದಾಡಿದ ದೃಶ್ಯವೊಂದಿತ್ತು: ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವುದು. ಅದು ಕರಾಚಿಯ ಸೇವಾಸಂಸ್ಥೆಯೊಂದು ಪೋಷಕರನ್ನು ಎಚ್ಚರಿಸಲು ತಯಾರಿಸಿದ್ದ ಚಿತ್ರ. ಮೂಲದಲ್ಲಿ ಬೈಕಿನವರು ಮಗುವನ್ನು ಹಿಂದಿರುಗಿಸಿ, ಎಚ್ಚರಿಕೆಯ ಫಲಕವೊಂದನ್ನು ಹಿಡಿದು ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿ ಹಾಕಿದರು. ಮಕ್ಕಳನ್ನು ಕಾಪಾಡಲೆಂದು ಮಾಡಿದ ಚಿತ್ರ ಅನ್ಯರ ಮಕ್ಕಳನ್ನು ಕೊಲ್ಲಿಸಿತು. ಅದೇ ಜುಲೈನಲ್ಲಿ ವಾಟ್ಸಾಪ್ ಸಂಸ್ಥೆ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಮುಂದೂಡಬಹುದೆಂಬ ಕಡಿವಾಣ ಹಾಕಿತು. ಮತ್ತೆ ಅದೇ ಐದು!

ಸುಳ್ಳು ಮಾತ್ರವೇ ಅಪಾಯಕಾರಿಯೆಂದು ತಿಳಿಯುವುದೂ ಸರಿಯಲ್ಲ. 2016ರ ಸೆಪ್ಟೆಂಬರ್ 12ರಂದು ಕಾವೇರಿ ವಿವಾದದಲ್ಲಿ ಬೆಂಗಳೂರು ಹೊತ್ತಿ ಉರಿದಾಗ ಓಡಾಡಿದ ದೃಶ್ಯಗಳಲ್ಲಿ ಹಲವು ನಿಜವಾದವೇ ಆಗಿದ್ದವು. ಇಲ್ಲಿ ತಮಿಳು ಯುವಕನೊಬ್ಬನನ್ನು ಥಳಿಸಿದ ದೃಶ್ಯ ಅಲ್ಲಿಗೆ ಹೋಯಿತು. ಅಲ್ಲಿ ಕನ್ನಡಿಗರನ್ನು ಥಳಿಸಿದ ದೃಶ್ಯ ಇಲ್ಲಿಗೆ ಬಂದಿತು. ಒಂದೊಂದು ಏಟೂ ಸಾವಿರ ಏಟಾಗಿ ಕಂಡಿತು. ಅಂದು ಸಂಜೆ ಪೀಣ್ಯದ ಪಕ್ಕದ ಹೆಗ್ಗನಹಳ್ಳಿಯಲ್ಲಿ ಪೊಲೀಸರ ಗುಂಡಿಗೆ ಯುವಕನೊಬ್ಬ ಬಲಿಯಾದ. ಪೀಣ್ಯವೂ ಸೇರಿ ಹದಿನಾರು ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಜಾರಿಯಾಯಿತು. ಕನ್ನಡದ ಪೂಜೆಯೂ ತಮಿಳಿನ ಪೂಜೆಯೂ ಒಂದೇ ಪೀಠದ ಮೇಲೆ ನಡೆಯುವ ಚರ್ಚುಗಳಿಗೆ ಸೇರಿದ ನಮಗೆ ಆ ದಿನಗಳ ಮೌನ ಚೆನ್ನಾಗಿ ನೆನಪಿದೆ. ಯಾರೂ ಜಗಳವಾಡಲಿಲ್ಲ; ಆದರೆ ಎರಡು ಪೂಜೆಗಳ ನಡುವೆ ಅಂಗಳದಲ್ಲಿ ನಿಂತು ಮಾತನಾಡುವವರು ಅಂದು ನಿಲ್ಲಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದ ನಮ್ಮ ಹಿರಿಯರು ಮೊಬೈಲನ್ನು ಕಂಡವರಲ್ಲ. ಕಂಡದ್ದು ನಿಜವೇ ಆದರೂ ಅದು ಎಷ್ಟರ ಮಟ್ಟಿನ ನಿಜ ಎಂಬ ಪ್ರಶ್ನೆ ಉಳಿಯುತ್ತದೆಂದು ಅವರು ಅರಿತಿದ್ದರು.

ಮಣಿಪುರದ ಗಾಯವಂತೂ ಇನ್ನೂ ಹಸಿಯಾಗಿದೆ. 2023ರ ಮೇ 3ರಂದು ಅಲ್ಲಿ ಹಿಂಸೆ ಭುಗಿಲೆದ್ದಾಗ, ದೆಹಲಿಯಲ್ಲಿ ಹಿಂದಿನ ವರ್ಷ ಕೊಲೆಯಾಗಿದ್ದ ಯುವತಿಯೊಬ್ಬಳ ಶವದ ಚಿತ್ರವನ್ನು ತಮ್ಮ ಜನಾಂಗದ ಹೆಣ್ಣೆಂದು ನಂಬಿಸಲಾಯಿತು. ಮರುದಿನ ಬೇರೊಂದು ಜನಾಂಗದ ಮಹಿಳೆಯರ ಮೇಲೆ ನಡೆದ, ನಾಡನ್ನೇ ತಲೆತಗ್ಗಿಸುವಂತೆ ಮಾಡಿದ ಕೃತ್ಯಕ್ಕೆ ಅಂತಹ ಸುದ್ದಿಗಳೇ ಕಿಚ್ಚಾದವು. ಅಲ್ಲಿಂದ ಓದು ಅರ್ಧಕ್ಕೆ ಬಿಟ್ಟು ಬಂದವರು ಇಂದು ನಮ್ಮ ನಗರದಲ್ಲಿದ್ದಾರೆ. ಅವರಲ್ಲಿ ನಮ್ಮ ಧರ್ಮಸಭೆಯ ಮಕ್ಕಳೂ ಇದ್ದಾರೆ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಮನೆಯ ಕಸವನ್ನು ಮುಚ್ಚಿಡುವುದು ತರವಲ್ಲ. ಗಾಳಿಸುದ್ದಿಗೆ ಬಲಿಯಾದ ಅನುಭವ ನಮಗಿದೆ. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನ ಆರಾಧನಾ ಮಠದ ಮೇಲೆ ದಾಳಿಯಾದಾಗ, ಕಥೋಲಿಕರಿಗೆ ಸಂಬಂಧವೇ ಇಲ್ಲದ ಪುಸ್ತಿಕೆಯೊಂದರ ಮಾತು ಎಲ್ಲೆಡೆ ಹಬ್ಬಿತ್ತು. ಬಲಿಯಾದವರು ಎಚ್ಚರವಾಗಿರುತ್ತಾರೆಂದು ಯಾರಾದರೂ ಊಹಿಸಬಹುದು. ನಮ್ಮ ಧರ್ಮಕೇಂದ್ರಗಳ ವಾಟ್ಸಾಪ್ ಬಳಗಗಳನ್ನು ಒಮ್ಮೆ ನೋಡಿದವರು ಹಾಗೆನ್ನಲಾರರು. ಬೆಳಗಿನ ಶುಭಸಂದೇಶ ವಾಕ್ಯದ ಕೆಳಗೆ ಒಂದು ಜನಾಂಗವನ್ನು ಹಳಿಯುವ ದೃಶ್ಯ. ಜಪಸರದ ಆಹ್ವಾನದ ಕೆಳಗೆ ಯಾವುದೋ ದೇಶದಲ್ಲಿ ಚರ್ಚು ಸುಟ್ಟ ಹತ್ತು ವರ್ಷ ಹಳೆಯ ಚಿತ್ರ, ‘ಇದೀಗ ಬಂದ ಸುದ್ದಿ, ಕೂಡಲೆ ಪ್ರಾರ್ಥಿಸಿ, ಎಲ್ಲರಿಗೂ ಕಳುಹಿಸಿ’ ಎಂಬ ಕೋರಿಕೆಯೊಂದಿಗೆ. 2025ರ ಮೇ ತಿಂಗಳಲ್ಲಿ ಹೊಸ ಜಗದ್ಗುರುಗಳಾದ ಹದಿನಾಲ್ಕನೆಯ ಲಿಯೋ ಅವರು ಆಫ್ರಿಕಾದ ಬುರ್ಕಿನಾ ಫಾಸೋ ದೇಶದ ಅಧ್ಯಕ್ಷರಿಗೆ ದೀರ್ಘ ಭಾಷಣ ಮಾಡಿದ ದೃಶ್ಯವೊಂದು ಹರಡಿತು. ಅದು ಕೃತಕ ಬುದ್ಧಿಯಿಂದ ತಯಾರಾದ ಹುಸಿ ಎಂದು ವ್ಯಾಟಿಕನ್ನಿನ ಸುದ್ದಿಸಂಸ್ಥೆ ಸ್ಪಷ್ಟೀಕರಣ ನೀಡಬೇಕಾಯಿತು. ಗುರುಪೀಠದ ಮೇಲಿನ ಭಕ್ತಿಯಿಂದಲೇ ಜನರು ಅದನ್ನು ಹಂಚಿದ್ದರು.

ನಾವೂ ತಪ್ಪಿತಸ್ಥರೇ. 2024ರ ಮಾರ್ಚ್ 1ರಂದು ವೈಟ್‌ಫೀಲ್ಡಿಗೆ ಹತ್ತಿರದ ಬ್ರೂಕ್‌ಫೀಲ್ಡಿನ ರಾಮೇಶ್ವರಂ ಕೆಫೆಯಲ್ಲಿ ಬಾಂಬು ಸ್ಫೋಟಗೊಂಡ ಮಧ್ಯಾಹ್ನ, ಇನ್ನೂ ಎರಡು ಕಡೆ ಬಾಂಬು ಸಿಕ್ಕಿದೆಯೆಂಬ ಸಂದೇಶ ನಮಗೂ ಬಂದಿತು. ಆ ಕಡೆ ಕೆಲಸ ಮಾಡುವ ಬಂಧುಗಳಿದ್ದರು. ಯೋಚಿಸುವ ಮೊದಲೇ ಬೆರಳು ಚಲಿಸಿತು. ನಾಲ್ಕು ಬಳಗಗಳಿಗೆ ಕಳುಹಿಸಿದೆವು. ಸಂಜೆಗೆ ಅದು ಸುಳ್ಳೆಂದು ತಿಳಿಯಿತು. ಸುಳ್ಳೆಂದು ತಿಳಿದ ಮೇಲೆ ಆ ನಾಲ್ಕು ಬಳಗಗಳಿಗೂ ಮತ್ತೆ ಬರೆದೆವೇ? ಎರಡಕ್ಕೆ ಮಾತ್ರ. ಉಳಿದೆರಡರಲ್ಲಿ ಹಿರಿಯರಿದ್ದರು, ನಾಚಿಕೆಯೆನಿಸಿತು.

ಈ ನಾಚಿಕೆಯ ವಿಚಾರದಲ್ಲಿ ನಮ್ಮ ಧರ್ಮೋಪದೇಶ ಬಹಳ ಖಚಿತವಾಗಿದೆ. ಸುಳ್ಳುಸಾಕ್ಷಿಯನ್ನು ನಿಷೇಧಿಸುವ ಎಂಟನೆಯ ಆಜ್ಞೆಯನ್ನು ವಿವರಿಸುವಾಗ, 1992ರ ಕಥೋಲಿಕ ಧರ್ಮೋಪದೇಶ ಗ್ರಂಥವು ಮೂರು ಬಗೆಯ ಪಾಪಗಳನ್ನು ಬೇರ್ಪಡಿಸುತ್ತದೆ. ಸುಳ್ಳು ಹೇಳಿ ಇನ್ನೊಬ್ಬರ ಹೆಸರು ಕೆಡಿಸುವುದು ಒಂದು. ನಿಜವೇ ಆದರೂ ಅಗತ್ಯವಿಲ್ಲದೆ ಇನ್ನೊಬ್ಬರ ದೋಷವನ್ನು ಬಯಲು ಮಾಡುವುದು ಇನ್ನೊಂದು. ಸಾಕಷ್ಟು ಆಧಾರವಿಲ್ಲದೆ, ಮೌನವಾಗಿಯಾದರೂ, ನೆರೆಯವನ ತಪ್ಪನ್ನು ನಂಬಿಬಿಡುವ ದುಡುಕಿನ ತೀರ್ಪು ಮತ್ತೊಂದು. ಸುಳ್ಳುಸುದ್ದಿಯನ್ನು ಮುಂದೂಡುವವರಲ್ಲಿ ಹೆಚ್ಚಿನವರು ಮೊದಲನೆಯ ಪಾಪ ಮಾಡಿದವರಲ್ಲ. ‘ನಾನೇನು ಸುಳ್ಳು ಹೇಳಲಿಲ್ಲ, ಬಂದದ್ದನ್ನು ಕಳುಹಿಸಿದೆ’ ಎಂದು ಅವರು ಧೈರ್ಯವಾಗಿ ಹೇಳುತ್ತಾರೆ. ಮೂರನೆಯದರಿಂದ ಪಾರಾಗುವುದು ಅಷ್ಟು ಸುಲಭವಲ್ಲ. ಅದೇ ಗ್ರಂಥ ಇನ್ನೊಂದನ್ನೂ ಹೇಳುತ್ತದೆ: ಸತ್ಯಕ್ಕೆ ಮಾಡಿದ ಅಪಚಾರವನ್ನು ಸರಿಪಡಿಸುವ ಹೊಣೆ, ಕ್ಷಮೆ ದೊರೆತ ಮೇಲೂ ಉಳಿಯುತ್ತದೆ. ಅಂದರೆ ಪಾಪನಿವೇದನೆಯ ಪೀಠದಲ್ಲಿ ಹೇಳಿ ಹಗುರಾದರೆ ಸಾಲದು. ಎಲ್ಲಿಗೆ ಕಳುಹಿಸಿದೆವೋ ಅಲ್ಲಿಗೆ ತಿದ್ದುಪಡಿಯನ್ನೂ ಕಳುಹಿಸಬೇಕು. ಹಿರಿಯರಿರುವ ಬಳಗಕ್ಕೂ. ದಿವಂಗತ ಜಗದ್ಗುರು ಫ್ರಾನ್ಸಿಸ್ ಅವರು 2018ರ ಜನವರಿ 24ರಂದು, ಪತ್ರಕರ್ತರ ಪಾಲಕ ಸಂತರ ಹಬ್ಬದಂದು, ಸುಳ್ಳುಸುದ್ದಿಯನ್ನೇ ವಿಷಯವಾಗಿಸಿ ಹೊರಡಿಸಿದ ಸಂದೇಶದಲ್ಲಿ ಏದೆನ್ ತೋಟದ ಸರ್ಪವನ್ನು ನೆನೆದಿದ್ದರು. ಆ ಸರ್ಪ ಮಾತು ಆರಂಭಿಸಿದ್ದೂ ಅರ್ಧ ನಿಜದಿಂದಲೇ.

ಕಾನೂನಿನಿಂದ ಇದು ತೀರದೇ ಎಂದು ಕೇಳುವವರಿದ್ದಾರೆ. ಸಾರ್ವಜನಿಕ ಶಾಂತಿಯನ್ನು ಕದಡುವ ಸುಳ್ಳುಸುದ್ದಿಯನ್ನು ಶಿಕ್ಷಿಸುವ ಕಲಮು ಹಳೆಯ ದಂಡಸಂಹಿತೆಯಲ್ಲಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ 353ನೆಯ ಕಲಮಾಗಿ ಇದೆ. 2023ರ ಡಿಸೆಂಬರ್ 1ರಂದು ನಗರದ ನಲವತ್ತಕ್ಕೂ ಹೆಚ್ಚು ಶಾಲೆಗಳಿಗೆ ಒಂದೇ ಬೆಳಿಗ್ಗೆ ಬಾಂಬಿನ ಹುಸಿ ಬೆದರಿಕೆ ಬಂದು, ತಾಯ್ತಂದೆಯರು ಬರಿಗಾಲಲ್ಲಿ ಶಾಲೆಗಳತ್ತ ಓಡಿದುದನ್ನು ಕಂಡ ಯಾರೂ ಶಿಕ್ಷೆ ಬೇಡವೆನ್ನಲಾರರು. ಆದರೆ 2025ರ ಜೂನ್ ತಿಂಗಳಲ್ಲಿ ಬಹಿರಂಗಕ್ಕೆ ಬಂದ ರಾಜ್ಯ ಸರ್ಕಾರದ ಕರಡು ಮಸೂದೆಯು ಸುಳ್ಳುಸುದ್ದಿಗೆ ಏಳು ವರ್ಷಗಳವರೆಗೆ ಸೆರೆ, ಹತ್ತು ಲಕ್ಷದವರೆಗೆ ದಂಡ ಎಂದುದಲ್ಲದೆ, ಯಾವುದು ಸುಳ್ಳೆಂದು ನಿರ್ಧರಿಸಲು ಸಚಿವರ ಅಧ್ಯಕ್ಷತೆಯ ಪ್ರಾಧಿಕಾರವೊಂದನ್ನು ಸೂಚಿಸಿತ್ತು. ಇಲ್ಲಿ ನಮಗೆ ಅಳುಕು. 2016ರ ಏಪ್ರಿಲ್‌ನಲ್ಲಿ ಬ���ಮ್ಮನಹಳ್ಳಿಯಿಂದ ಪೀಣ್ಯದವರೆಗೆ ಸಿದ್ಧ ಉಡುಪು ಕಾರ್ಖಾನೆಗಳ ಸಾವಿರಾರು ಹೆಣ್ಣುಮಕ್ಕಳು ಬೀದಿಗಿಳಿದು, ಮಾಲೀಕರು ಕಟ್ಟಿದ ಭವಿಷ್ಯನಿಧಿಯ ಹಣ 58 ವರ್ಷದವರೆಗೆ ಕೈಗೆ ಸಿಗದಂತೆ ಮಾಡುತ್ತಿದ್ದಾರೆಂದು ಕೂಗಿದರು. ಅದು ಬಾಯಿಂದ ಬಾಯಿಗೆ ಹಬ್ಬಿದ ಸುದ್ದಿಯೇ. ಅಧಿಕಾರಸ್ಥರ ಕಿವಿಗೆ ಅದು ವದಂತಿಯಂತೆ ಕೇಳಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಅದು ಸತ್ಯವಾಗಿತ್ತು. ನಿಯಮ ನಿಜಕ್ಕೂ ಬಂದಿತ್ತು, ಏಪ್ರಿಲ್ 19ರಂದು ಕೇಂದ್ರ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಬಡವರ ಸುದ್ದಿ ಸದಾ ಬಾಯಿಮಾತಿನಲ್ಲೇ ಸಾಗುತ್ತದೆ. ಅದನ್ನು ಅಳೆಯುವ ತಕ್ಕಡಿ ಆಳುವವರ ಕೈಯಲ್ಲಿ ಮಾತ್ರ ಇರುವುದು ಕ್ಷೇಮಕರವೆಂದು ನಾವು ನಂಬುವುದಿಲ್ಲ.

ಹಾಗಾದರೆ ಉಳಿದಿರುವುದೇನು? ಮತ್ತೆ ಆ ಬಾಡಿಗೆ ಕೋಣೆಗೇ ಹೋಗಬೇಕು. ಆ ರಾತ್ರಿ ಎಂಟು ಮಂದಿಯಲ್ಲಿ ಒಬ್ಬಳಿಗಾದರೂ ಪಕ್ಕದ ಬೀದಿಯ ಒಂದು ಕುಟುಂಬ ಗೊತ್ತಿದ್ದು, ಅವರ ಬಾಗಿಲು ತಟ್ಟಿ ‘ಇದು ನಿಜವೇ?’ ಎಂದು ಕೇಳುವ ಸಲಿಗೆಯಿದ್ದಿದ್ದರೆ, ಆ ಕೋಣೆಯ ಕಥೆ ಬೇರೆಯಾಗುತ್ತಿತ್ತೆಂದು ನಾವು ನಂಬುತ್ತೇವೆ. ಪೊಲೀಸರ 112ನೆಯ ಸಂಖ್ಯೆ ಇಂದು ಎಲ್ಲರಿಗೂ ಲಭ್ಯ. ಆದರೆ ಅಂಜಿದವರು ಮೊದಲು ಸಂಖ್ಯೆಯನ್ನು ಹುಡುಕುವುದಿಲ್ಲ, ಮುಖವನ್ನು ಹುಡುಕುತ್ತಾರೆ. ಅಂತಹ ಕುಟುಂಬವೊಂದು ಪ್ರತಿ ಬೀದಿಯಲ್ಲಿ ಇರುವಂತೆ ಮಾಡಲು ನಮ್ಮ ಬಳಿ ಸಲಕರಣೆ ಈಗಾಗಲೇ ಇದೆ. ಹೊರವಲಯದ ಧರ್ಮಕೇಂದ್ರಗಳೆಲ್ಲ ಕಿರು ಕ್ರೈಸ್ತ ಸಮುದಾಯಗಳಾಗಿ ಹಂಚಿಹೋಗಿವೆ. ಯಾವ ಬೀದಿಯಲ್ಲಿ ಯಾವ ಕಥೋಲಿಕ ಮನೆಯಿದೆಯೆಂಬ ಪಟ್ಟಿ ಕಚೇರಿಯಲ್ಲಿದೆ. ಆ ಪಟ್ಟಿಯಲ್ಲಿ ಇಲ್ಲದವರು ಮಾತ್ರ ಬಾಡಿಗೆ ಕೋಣೆಯವರು. ಅವರು ಹಬ್ಬದ ದಾನ ಬರೆಸುವವರಲ್ಲ, ಮದುವೆಯ ಕೂಗು ಹಾಕಿಸುವವರಲ್ಲ. ಆದುದರಿಂದ ನಮ್ಮ ದಫ್ತರಕ್ಕೆ ಅವರು ಬೀಳುವುದಿಲ್ಲ. ಹಿಂದಿ ಅಥವಾ ಇಂಗ್ಲಿಷ್ ಪೂಜೆಗೆ ಬಂದು ಕೊನೆಯ ಬೆಂಚಿನಲ್ಲಿ ಕೂತು, ಅಂತ್ಯ ಆಶೀರ್ವಾದವಾದೊಡನೆ ಪಾಳಿಗೆ ಓಡುತ್ತಾರೆ. ಕಥೋಲಿಕರಲ್ಲದ ಅವರ ಕೋಣೆಯ ಗೆಳೆಯರಂತೂ ನಮಗೆ ಇನ್ನೂ ದೂರ. ಆದರೆ ಗಾಳಿಸುದ್ದಿ ಜಾತಿ ಕೇಳಿ ಕೋಣೆಗೆ ನುಗ್ಗುವುದಿಲ್ಲವಾದುದರಿಂದ ಪರಿಚಯವೂ ಜಾತಿ ಕೇಳಬೇಕಾಗಿಲ್ಲ.

ಕಳೆದ ತಿಂಗಳು ಇಂತಹ ಒಂದು ಚರ್ಚಿನ ಅಂಗಳದಲ್ಲಿ, ಜಾರ್ಖಂಡಿನ ಸಿಮ್ಡೆಗಾ ಜಿಲ್ಲೆಯಿಂದ ಬಂದು ಉಡುಪು ಕಾರ್ಖಾನೆಯಲ್ಲಿ ದುಡಿಯುತ್ತಿರುವ ಹುಡುಗಿಯೊಬ್ಬಳನ್ನು ನಿಲ್ಲಿಸಿ ಕೇಳಿದೆವು: ಈ ಊರಿನಲ್ಲಿ ಏನೋ ಕೆಟ್ಟದು ನಡೆಯಲಿದೆಯೆಂಬ ಸುದ್ದಿ ನಿನ್ನ ಮೊಬೈಲಿಗೆ ಬಂದರೆ ಮೊದಲು ಯಾರನ್ನು ಕೇಳುತ್ತೀ? ಅವಳು ಸ್ವಲ್ಪ ಯೋಚಿಸಿ, ಊರಿನಲ್ಲಿರುವ ಅಣ್ಣನನ್ನು ಎಂದಳು. ಅಣ್ಣನಿಗೆ ಇಲ್ಲಿಯದು ಹೇಗೆ ತಿಳಿಯುತ್ತದೆ ಎಂದರೆ ನಕ್ಕಳು. ಅವನೂ ಮೊಬೈಲಿನಲ್ಲೇ ನೋಡಿ ಹೇಳುತ್ತಾನಂತೆ. ನಾಲ್ಕು ವರ್ಷಗಳಿಂದ ಅವಳು ಆ ಚರ್ಚಿಗೆ ಬರುತ್ತಿದ್ದಾಳೆ. ನಮ್ಮ ಸಂಖ್ಯೆಯನ್ನೂ, ಅವಳ ಕೋಣೆಗೆ ಎರಡು ಮನೆಗಳಾಚೆ ವಾಸಿಸುವ ನಿವೃತ್ತ ಶಿಕ್ಷಕಿಯೊಬ್ಬರ ಸಂಖ್ಯೆಯನ್ನೂ ಅಲ್ಲಿಯೇ ಬರೆಸಿದೆವು. ಶಿಕ್ಷಕಿ ಅವಳನ್ನು ದಿನಾಲೂ ನೋಡುತ್ತಿದ್ದರಂತೆ, ಹೆಸರು ಕೇಳಿರಲಿಲ್ಲ. ಅವಳ ಕೋಣೆಯಲ್ಲಿ ಇನ್ನೂ ಆರು ಮಂದಿಯಿದ್ದಾರೆ. ಬರುವ ಭಾನುವಾರ ಹಿಂದಿ ಪೂಜೆಯ ನಂತರ ಅವರನ್ನೂ ಕರೆತರುತ್ತೇನೆಂದು ಹೇಳಿ ಪಾಳಿಗೆ ಹೊರಟಳು.